ಬಾಹ್ಯಾಕಾಶ ಮ್ಯೂಸಿಯಂನಲ್ಲಿ ಫೋಟೋ ತೆಗೆಯುವುದು ಹೇಗೆ: ವಾಷಿಂಗ್ಟನ್‌ನ ಎರಡು ಕಟ್ಟಡ, ಒಂದು ಕ್ಯಾಮೆರಾ, ಟ್ರೈಪಾಡ್ ಇಲ್ಲ

ಮೊದಲ ಸಲ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂಗೆ ಹೋಗಿ ಬಂದಾಗ ನನ್ನ ಹತ್ತಿರ ಆರುನೂರು ಚಿಲ್ಲರೆ ಫೋಟೋ ಇದ್ದವು. ರಾತ್ರಿ ರೂಮಿನಲ್ಲಿ ಕೂತು ನೋಡಿದರೆ ಅರ್ಧಕ್ಕರ್ಧ ಮಸುಕು. ಉಳಿದವುಗಳಲ್ಲಿ ಯಾವ ರಾಕೆಟ್ ಯಾವುದು ಅಂತ ನನಗೇ ಗೊತ್ತಿಲ್ಲ. 1969ರ ಅಪೊಲೊ 11 ಯಾನದಲ್ಲಿ ಚಂದ್ರನಿಂದ ಮೂವರನ್ನು ವಾಪಸ್ ಕರೆತಂದ ಕೊಲಂಬಿಯಾ ಕೋಶದ ಫೋಟೋದಲ್ಲಿ ನಟ್ಟನಡುವೆ ಕಾಣುತ್ತಿದ್ದದ್ದು ನಾನು ಹಾಕಿಕೊಂಡಿದ್ದ ಹಳದಿ ಟೀ ಶರ್ಟ್. ಗಾಜಿನ ಮೇಲೆ ಎಷ್ಟು ಚೆನ್ನಾಗಿ ಬಿದ್ದಿತ್ತೆಂದರೆ ಶರ್ಟಿನ ಮೇಲಿನ ಅಕ್ಷರ ಕೂಡ ತಿರುಗುಮುರುಗಾಗಿ ಓದಬಹುದಿತ್ತು.

ಎರಡನೇ ಸಲ ಹೋದಾಗ ಕಪ್ಪು ಶರ್ಟ್ ಹಾಕಿಕೊಂಡು ಹೋದೆ. ಫೋಟೋ ಕಮ್ಮಿ ತೆಗೆದೆ, ಹೊತ್ತು ಜಾಸ್ತಿ ಕಳೆದೆ. ಆಮೇಲೆ ಕಲಿತದ್ದನ್ನೆಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಮ್ಯೂಸಿಯಂನಲ್ಲಿ ಇಡೀ ನೌಕೆಯ ಫೋಟೋ ಬೇಕಾದರೆ ಇಂಟರ್ನೆಟ್‌ನಲ್ಲಿ ಸಾವಿರ ಸಿಗುತ್ತವೆ, ಅವು ನಿಮ್ಮದಕ್ಕಿಂತ ಚೆನ್ನಾಗಿಯೂ ಇರುತ್ತವೆ. ನೀವು ಹುಡುಕಬೇಕಾದದ್ದು ಕಲೆ, ಗೀರು, ಸುಟ್ಟ ಗುರುತು. ಈ ವಸ್ತುಗಳು ನಿಜವಾಗಿ ಮೇಲೆ ಹೋಗಿ ಬಂದಿವೆ ಅನ್ನುವುದಕ್ಕೆ ಇರುವ ಸಾಕ್ಷಿ ಅದೇ ಅಲ್ವಾ?

ಮೊದಲು: ಎರಡು ಕಟ್ಟಡ ಇವೆ, ಗೊಂದಲ ಬೇಡ

ತುಂಬಾ ಜನ ಇಲ್ಲೇ ಎಡವುತ್ತಾರೆ. ಮ್ಯೂಸಿಯಂ ಒಂದೇ, ಜಾಗ ಎರಡು. ಒಂದು ವಾಷಿಂಗ್ಟನ್ ನಗರದ ಮಧ್ಯೆ, ನ್ಯಾಷನಲ್ ಮಾಲ್ ಎನ್ನುವ ಉದ್ದನೆಯ ಹುಲ್ಲುಹಾಸಿನ ದಕ್ಷಿಣ ಬದಿಯಲ್ಲಿದೆ. 1976ರ ಜುಲೈ 1ರಂದು ತೆರೆದದ್ದು. ಇನ್ನೊಂದು ಉದ್ವರ್-ಹೇಜಿ ಸೆಂಟರ್. ಅದು ಪಕ್ಕದ ವರ್ಜೀನಿಯಾ ರಾಜ್ಯದ ಶಾಂಟಿಲಿಯಲ್ಲಿ, ಡಲ್ಲಸ್ ವಿಮಾನ ನಿಲ್ದಾಣದ ಹತ್ತಿರ. 2003ರ ಡಿಸೆಂಬರ್‌ನಲ್ಲಿ ತೆರೆಯಿತು. ಎರಡರ ನಡುವೆ ಸುಮಾರು 45 ಕಿಲೋಮೀಟರ್. ಒಂದೇ ದಿನ ಎರಡೂ ನೋಡುತ್ತೇನೆ ಅಂತ ಹೊರಟರೆ ಎರಡೂ ಕೆಡುತ್ತವೆ.

ಕೊಲಂಬಿಯಾ, ಆರ್ಮ್‌ಸ್ಟ್ರಾಂಗ್ ಹಾಕಿಕೊಂಡಿದ್ದ ಬಾಹ್ಯಾಕಾಶ ಉಡುಪು, ರೈಟ್ ಸಹೋದರರ 1903ರ ವಿಮಾನ, ಇವು ನಗರದ ಕಟ್ಟಡದಲ್ಲಿವೆ. ಡಿಸ್ಕವರಿ ಎನ್ನುವ ಬಾಹ್ಯಾಕಾಶ ಶಟಲ್ ನೌಕೆ, ಎಸ್‌ಆರ್-71 ಬ್ಲ್ಯಾಕ್‌ಬರ್ಡ್ ಎನ್ನುವ ಗೂಢಚಾರಿ ವಿಮಾನ, ಶಬ್ದಕ್ಕಿಂತ ವೇಗದ ಪ್ರಯಾಣಿಕ ವಿಮಾನ ಕಾಂಕಾರ್ಡ್, ಇವೆಲ್ಲ ಉದ್ವರ್-ಹೇಜಿಯಲ್ಲಿವೆ. ಫೋಟೋಗಾಗಿ ಒಂದೇ ಜಾಗಕ್ಕೆ ಹೋಗಲು ಸಮಯವಿದ್ದರೆ ನಾನು ಯೋಚನೆ ಮಾಡದೆ ಉದ್ವರ್-ಹೇಜಿ ಎನ್ನುತ್ತೇನೆ. ಜಾಗ ದೊಡ್ಡದು, ಜನ ಕಮ್ಮಿ, ಗಾಜಿನ ಅಡ್ಡಿಯೂ ಕಮ್ಮಿ.

ಪ್ರವೇಶ ಎರಡೂ ಕಡೆ ಉಚಿತ. ಆದರೆ ನಗರದ ಕಟ್ಟಡಕ್ಕೆ ಸಮಯ ನಮೂದಿಸಿದ ಪಾಸ್ ಬೇಕು. ಅದೂ ಉಚಿತವೇ, ವೆಬ್‌ಸೈಟಿನಲ್ಲಿ ಮೊದಲೇ ತೆಗೆದಿಟ್ಟುಕೊಳ್ಳಬೇಕು. ಬೆಳಿಗ್ಗೆ ಮೊದಲ ಗಂಟೆಯ ಪಾಸ್‌ಗಳು ಬೇಗ ಖಾಲಿ ಆಗುತ್ತವೆ. ಉದ್ವರ್-ಹೇಜಿಗೆ ಪಾಸ್ ಬೇಡ, ಕಾರಿನಲ್ಲಿ ಹೋದರೆ ಪಾರ್ಕಿಂಗ್‌ಗೆ 15 ಡಾಲರ್. ಎರಡೂ ಬೆಳಿಗ್ಗೆ 10ರಿಂದ ಸಂಜೆ 5:30ರವರೆಗೆ ತೆರೆದಿರುತ್ತವೆ, ಡಿಸೆಂಬರ್ 25 ಒಂದು ದಿನ ರಜೆ. ನಗರದ ಕಟ್ಟಡದಲ್ಲಿ ವರ್ಷಗಟ್ಟಲೆ ನವೀಕರಣ ನಡೆದಿದೆ. 2022ರ ಅಕ್ಟೋಬರ್‌ನಲ್ಲಿ ಒಂದು ಭಾಗ ತೆರೆಯಿತು, 2025ರ ಜುಲೈನಲ್ಲಿ ಇನ್ನೊಂದಷ್ಟು. ಹಾಗಾಗಿ ಹೊರಡುವ ಹಿಂದಿನ ದಿನ ಯಾವ ಗ್ಯಾಲರಿ ತೆರೆದಿದೆ ಅಂತ ವೆಬ್‌ಸೈಟಿನಲ್ಲಿ ನೋಡಿ. ಅಷ್ಟು ದೂರ ಹೋಗಿ ಮುಚ್ಚಿದ ಬಾಗಿಲಿನ ಫೋಟೋ ತೆಗೆಯುವುದು ಬೇಡ.

ನಗರದ ಕಟ್ಟಡಕ್ಕೆ ಮೆಟ್ರೋದಲ್ಲಿ ಲ'ಎನ್‌ಫಾಂಟ್ ಪ್ಲಾಜಾದಲ್ಲಿ ಇಳಿದು ನಡೆದರೆ ಸಾಕು. ಉದ್ವರ್-ಹೇಜಿಗೆ ಸಿಲ್ವರ್ ಲೈನ್ ಮೆಟ್ರೋದಲ್ಲಿ ಡಲ್ಲಸ್ ಕಡೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. ಬಸ್ಸು ಪದೇಪದೇ ಇರುವುದಿಲ್ಲ, ವಾಪಸ್ ಬರುವ ಸಮಯವನ್ನೂ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.

ಬ್ಯಾಗಿನಲ್ಲಿ ಏನಿರಬೇಕು, ಏನು ಬೇಡ

ಟ್ರೈಪಾಡ್ ಬೇಡ. ಮೊನೋಪಾಡ್ ಬೇಡ. ಸೆಲ್ಫಿ ಸ್ಟಿಕ್ಕೂ ಬೇಡ. ಒಳಗೆ ಇವುಗಳನ್ನು ಬಳಸಲು ಬಿಡುವುದಿಲ್ಲ. ನಾನು ಮೊದಲ ಸಲ ಟ್ರೈಪಾಡ್ ಹೊತ್ತುಕೊಂಡು ಹೋಗಿ, ದಿನವಿಡೀ ಅದನ್ನು ಬೆನ್ನ ಮೇಲೆ ಸುಮ್ನೆ ಹೊತ್ತು ತಿರುಗಿ, ಸಂಜೆ ಹಾಗೇ ಹೊತ್ತುಕೊಂಡು ವಾಪಸ್ ಬಂದೆ. ಡ್ರೋನ್ ಬಗ್ಗೆ ಯೋಚನೆಯೂ ಬೇಡ, ವಾಷಿಂಗ್ಟನ್ ಆಕಾಶದಲ್ಲಿ ಅದನ್ನು ಹಾರಿಸುವುದೇ ಕಾನೂನುಬಾಹಿರ. ಸ್ವಂತಕ್ಕೆ ಕೈಯಲ್ಲಿ ಹಿಡಿದು ಫೋಟೋ, ವಿಡಿಯೋ ತೆಗೆಯಲು ಅಡ್ಡಿಯಿಲ್ಲ. ದುಡ್ಡಿಗಾಗಿ ತೆಗೆಯುವುದಾದರೆ ಮೊದಲೇ ಅನುಮತಿ ಬೇಕು. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರುತ್ತದೆ, ಬ್ಯಾಗ್ ಸಣ್ಣದಾದಷ್ಟೂ ನಿಮಗೇ ಸುಖ.

ಲೆನ್ಸ್ ವಿಷಯಕ್ಕೆ ಬರೋಣ. ಎಲ್ಲರೂ ವೈಡ್ ಲೆನ್ಸ್ ತಗೊಂಡು ಹೋಗಿ ಎನ್ನುತ್ತಾರೆ. ತಗೊಂಡು ಹೋಗಿ, ಬೇಡ ಅನ್ನಲ್ಲ. ಡಿಸ್ಕವರಿ 37 ಮೀಟರ್ ಉದ್ದ, ರೆಕ್ಕೆಯ ಅಗಲ 24 ಮೀಟರ್. ಹತ್ತಿರ ನಿಂತು ಇಡೀ ನೌಕೆ ಹಿಡಿಯಬೇಕಾದರೆ ವೈಡ್ ಇಲ್ಲದೆ ಆಗುವುದಿಲ್ಲ. ಆದರೆ ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಉದ್ದನೆಯ ಲೆನ್ಸ್. ವಸ್ತುಗಳಿಗೂ ನಮಗೂ ನಡುವೆ ರೇಲಿಂಗ್ ಇರುತ್ತದೆ. ಆ ದೂರ ದಾಟಿ ನೌಕೆಯ ಮೈಮೇಲಿನ, ಶಾಖ ತಡೆಯುವ ಒಂದು ಹೆಂಚಿನ ಮೇಲಿನ ನಂಬರ್ ಓದಬೇಕು ಅಂದರೆ 100 ರಿಂದ 200 ಎಂಎಂ ಬೇಕು. ಜೊತೆಗೆ ಬೆಳಕನ್ನು ಜಾಸ್ತಿ ಒಳಗೆ ಬಿಡುವ ಎಫ್ 1.8ರ 35 ಅಥವಾ 50 ಎಂಎಂ ಲೆನ್ಸ್ ಒಂದಿದ್ದರೆ ಕತ್ತಲ ಗ್ಯಾಲರಿಗಳಿಗೆ ಆಯಿತು. ಮೂರಕ್ಕಿಂತ ಜಾಸ್ತಿ ಬೇಡ. ಲೆನ್ಸ್ ಬದಲಿಸುತ್ತಾ ನಿಂತರೆ ಹಿಂದೆ ಶಾಲಾ ಮಕ್ಕಳ ಸಾಲು ಬಂದು ನಿಂತಿರುತ್ತದೆ.

ಫೋನ್ ಮಾತ್ರ ಇದ್ದರೂ ಚಿಂತೆಯಿಲ್ಲ. ಒಂದೇ ಮಾತು ನೆನಪಿಡಿ: ಕತ್ತಲಲ್ಲಿ ಅಲ್ಟ್ರಾ ವೈಡ್ ಬಳಸಬೇಡಿ. ಬಹಳಷ್ಟು ಫೋನುಗಳಲ್ಲಿ ಆ ಕ್ಯಾಮೆರಾದ ಸೆನ್ಸರ್ ಸಣ್ಣದು, ಮೂಲೆಗಳೆಲ್ಲ ಕಲಸಿದ ಹಿಟ್ಟಿನ ಹಾಗೆ ಬರುತ್ತವೆ. 1ಎಕ್ಸ್‌ನಲ್ಲೇ ಇಟ್ಟು ಎರಡು ಹೆಜ್ಜೆ ಹಿಂದೆ ಹೋಗಿ. ಹೋಗಲು ಜಾಗ ಇಲ್ಲದಿದ್ದರೆ ಫೋನನ್ನು ನೆಟ್ಟಗೆ ಹಿಡಿದು ಪನೋರಮಾ ಮೋಡಿನಲ್ಲಿ ನಿಧಾನಕ್ಕೆ ತಿರುಗಿಸಿ.

ಗಾಢ ಬಣ್ಣದ, ಅಕ್ಷರವಿಲ್ಲದ ಶರ್ಟ್. ಇದು ತಮಾಷೆಯಲ್ಲ, ಕ್ಯಾಮೆರಾ ಸಾಮಾನಿನಷ್ಟೇ ಮುಖ್ಯ. ಕ್ಯಾಮೆರಾ ಪಟ್ಟಿಯ ಮೇಲೆ ಕಂಪನಿ ಹೆಸರು ಬಿಳಿ ಅಕ್ಷರದಲ್ಲಿ ಇದ್ದರೆ ಅದನ್ನೂ ಕೈಗೆ ಸುತ್ತಿಕೊಳ್ಳಿ.

ಬಾಗಿಲು ದಾಟುವ ಮೊದಲು ಮಾಡಬೇಕಾದ ಸೆಟ್ಟಿಂಗ್

ಇದನ್ನು ಯಾರೂ ಹೇಳುವುದಿಲ್ಲ, ಆದರೆ ನನ್ನ ಮೊದಲ ದಿನದ ಎಷ್ಟೋ ಫೋಟೋ ಹಾಳಾದದ್ದು ಇದರಿಂದಲೇ. ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಸ್. ನಮ್ಮಲ್ಲಿ, ಇನ್ನೂ ಎಷ್ಟೋ ದೇಶಗಳಲ್ಲಿ 50. ದೀಪಗಳಲ್ಲಿ ಕೆಲವು ಕಣ್ಣಿಗೆ ಕಾಣದ ಹಾಗೆ ಸೆಕೆಂಡಿಗೆ 120 ಸಲ ಮಿನುಗುತ್ತಿರುತ್ತವೆ. ಷಟರ್ ಅದಕ್ಕೆ ಹೊಂದದಿದ್ದರೆ ಫೋಟೋದ ಮೇಲೆ ಅಡ್ಡಡ್ಡ ಪಟ್ಟೆ ಬರುತ್ತದೆ, ವಿಡಿಯೋ ಆದರೆ ಪಟ್ಟೆಗಳು ಓಡಾಡುತ್ತವೆ. ಮೆನುವಿನಲ್ಲಿ ಫ್ಲಿಕರ್ ಸೆಟ್ಟಿಂಗ್ ಹುಡುಕಿ 60ಕ್ಕೆ ಬದಲಿಸಿ. ಷಟರ್ 1/60 ಅಥವಾ 1/125ರಲ್ಲಿ ಇಡಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಇದ್ದರೆ ಆಫ್ ಮಾಡಿ, ಪಟ್ಟೆ ತರುವುದು ಹೆಚ್ಚಾಗಿ ಅದೇ. ಮೆಕ್ಯಾನಿಕಲ್ ಷಟರಿನ ಟಕ್ ಸದ್ದು ಅಲ್ಲಿ ಯಾರಿಗೂ ಕೇಳುವುದಿಲ್ಲ, ಮಕ್ಕಳ ಗಲಾಟೆ ಅಷ್ಟಿರುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ರಾ ಫಾರ್ಮ್ಯಾಟಿನಲ್ಲಿ (ಬಣ್ಣ, ಬೆಳಕನ್ನು ಆಮೇಲೆ ತಿದ್ದಲು ಆಗುವ ಮೂಲ ಫೈಲ್) ತೆಗೆಯಿರಿ, ಯಾಕೆಂದರೆ ಒಂದೊಂದು ಗ್ಯಾಲರಿಯ ದೀಪದ ಬಣ್ಣ ಒಂದೊಂದು ಥರ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಅಂಕಿಯನ್ನು, 1600ರಿಂದ 6400ರವರೆಗೆ ಹೆದರದೆ ಏರಿಸಿ. ಕಾಳು ಕಾಳಾದ ಫೋಟೋವನ್ನು ಆಮೇಲೆ ಸ್ವಲ್ಪ ಸರಿಮಾಡಬಹುದು, ಕೈ ನಡುಗಿದ ಫೋಟೋವನ್ನು ಏನೂ ಮಾಡಲಾಗದು. ಫ್ಲಾಶ್ ಆಫ್. ಗಾಜಿನ ಮೇಲೆ ಬಿದ್ದರೆ ಬಿಳಿ ಚುಕ್ಕೆ, 37 ಮೀಟರ್ ನೌಕೆಯ ಮುಂದೆ ಹೊಡೆದರೆ ದೀಪಾವಳಿಯ ಸುರುಸುರು ಬತ್ತಿಯಷ್ಟೂ ಬೆಳಕಿಲ್ಲ. ಕ್ಯಾಮೆರಾದ ಗಡಿಯಾರವನ್ನು ಅಲ್ಲಿನ ಸಮಯಕ್ಕೆ ಹೊಂದಿಸಿ, ಫೋನಿನ ಫೋಟೋ ಜೊತೆ ಸೇರಿಸುವಾಗ ಗೊತ್ತಾಗುತ್ತದೆ ಇದರ ಬೆಲೆ.

ಉದ್ವರ್-ಹೇಜಿ: ಬಾಗಿಲಲ್ಲೇ ನಿಂತುಬಿಡಿ

ಒಳಗೆ ಬಂದು ಮುಂದೆ ನಡೆದರೆ ಎತ್ತರದ ಒಂದು ಕಟ್ಟೆಗೆ ಬರುತ್ತೀರಿ. ಕೆಳಗೆ ನಿಮ್ಮ ಕಡೆ ಮೂಗು ಮಾಡಿ ಎಸ್‌ಆರ್-71 ಕೂತಿದೆ. ಅದರ ಹಿಂದೆ, ನೇರ ಸಾಲಿನಲ್ಲಿ, ಇನ್ನೊಂದು ಹ್ಯಾಂಗರಿನ ಬಾಗಿಲೊಳಗಿಂದ ಡಿಸ್ಕವರಿ ಬೆಳ್ಳಗೆ ಇಣುಕುತ್ತಿರುತ್ತದೆ. ಜನ ಗಬಕ್ಕನೆ ಮೆಟ್ಟಿಲಿಳಿದು ಓಡುತ್ತಾರೆ. ನೀವು ಓಡಬೇಡಿ. ಇಲ್ಲಿ ಉದ್ದ ಲೆನ್ಸ್ ಹಾಕಿ. ವೈಡ್‌ನಲ್ಲಿ ಶಟಲ್ ಕಡಲೆಕಾಳಷ್ಟು ಕಾಣುತ್ತದೆ. 100 ಎಂಎಂ ಹಾಕಿದರೆ ಹಿಂದಿನ ಶಟಲ್ ಮುಂದೆ ಬಂದ ಹಾಗೆ ಕಂಡು ಕಪ್ಪು ವಿಮಾನದ ಬೆನ್ನ ಮೇಲೆ ಕೂರುತ್ತದೆ. ಸರಿಯಾಗಿ ಮಧ್ಯದಲ್ಲಿ ನಿಲ್ಲಿ, ಅರ್ಧ ಹೆಜ್ಜೆ ಆಚೀಚೆ ಆದರೂ ಸಾಲು ತಪ್ಪುತ್ತದೆ. ಎಫ್ 8 ಇಡಿ, ಎರಡೂ ಸ್ಪಷ್ಟವಾಗಿ ಬರಬೇಕು. ಮೊಣಕೈ ರೇಲಿಂಗಿಗೆ ಊರಿ, ಎರಡು ಸೆಕೆಂಡಿನ ಟೈಮರ್ ಇಟ್ಟು ಉಸಿರು ಬಿಡುತ್ತಾ ತೆಗೆಯಿರಿ. ಟ್ರೈಪಾಡ್ ಇಲ್ಲದಲ್ಲಿ ರೇಲಿಂಗೇ ಟ್ರೈಪಾಡ್.

ಬೆಳಿಗ್ಗೆ 10ಕ್ಕೆ ಬಾಗಿಲು ತೆರೆದಾಗಲೇ ಇಲ್ಲಿದ್ದರೆ ಕೆಳಗೆ ಜನ ಇಲ್ಲದ ಹತ್ತು ನಿಮಿಷ ಸಿಗುತ್ತದೆ. ತಡವಾಯಿತು ಅಂದರೆ ಕೊನೆಯ ಒಂದು ಗಂಟೆಗೆ ಮತ್ತೆ ಬನ್ನಿ.

ಎಸ್‌ಆರ್-71 ಕರಿ ಬಣ್ಣದ್ದು. ಕ್ಯಾಮೆರಾಗೆ ಕಪ್ಪು ಕಂಡರೆ ಆಗಲ್ಲ, ಬೆಳಕು ಜಾಸ್ತಿ ಮಾಡಿ ಅದನ್ನು ಬೂದಿ ಬಣ್ಣಕ್ಕೆ ತಂದುಬಿಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧ ಆಗುವಷ್ಟು. ಫೋನಾದರೆ ವಿಮಾನದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಈ ವಿಮಾನದ ಕೊನೆಯ ಹಾರಾಟ 1990ರ ಮಾರ್ಚ್ 6ರಂದು ಇಲ್ಲಿಗೇ. ಲಾಸ್ ಏಂಜಲೀಸ್‌ನಿಂದ ವಾಷಿಂಗ್ಟನ್‌ಗೆ 1 ಗಂಟೆ 4 ನಿಮಿಷ 20 ಸೆಕೆಂಡಿನಲ್ಲಿ ಬಂತು. ಅಷ್ಟು ಹೊತ್ತು ನಾವು ವಿಮಾನ ನಿಲ್ದಾಣದಲ್ಲಿ ಬ್ಯಾಗ್‌ಗೆ ಕಾಯುತ್ತಾ ನಿಂತಿರುತ್ತೇವೆ.

ಡಿಸ್ಕವರಿ: ಇಲ್ಲಿ ಒಂದು ಗಂಟೆ ಕೊಡಿ

1984ರಿಂದ 2011ರವರೆಗೆ 39 ಸಲ ಮೇಲೆ ಹೋಗಿ ಬಂದ ನೌಕೆ ಇದು. ಎಲ್ಲ ಸೇರಿಸಿದರೆ 365 ದಿನ ಬಾಹ್ಯಾಕಾಶದಲ್ಲಿ ಕಳೆದಿದೆ. ಹಬಲ್ ದೂರದರ್ಶಕವನ್ನು 1990ರಲ್ಲಿ ಮೇಲೆ ಬಿಟ್ಟು ಬಂದದ್ದು ಇದೇ. 2012ರ ಏಪ್ರಿಲ್‌ನಲ್ಲಿ ಈ ಹ್ಯಾಂಗರಿಗೆ ಬಂತು. ನನಗೆ ತುಂಬಾ ಇಷ್ಟವಾದ ವಿಷಯ ಏನೆಂದರೆ ಅದಕ್ಕೆ ಹೊಸ ಬಣ್ಣ ಬಳಿದು ಫಳಫಳ ಮಾಡಿಲ್ಲ. ಕೊನೆಯ ಸಲ ಇಳಿದಾಗ ಹೇಗಿತ್ತೋ ಹಾಗೇ ನಿಲ್ಲಿಸಿದ್ದಾರೆ. ದೂರದಿಂದ ಬಿಳಿ, ಹತ್ತಿರ ಹೋದರೆ ಮಾಸಲು, ಇನ್ನೂ ಹತ್ತಿರದಲ್ಲಿ ನೋಡಿದರೆ ಒಲೆಯ ಪಕ್ಕದ ಗೋಡೆಯ ಹಾಗೆ ಕಂದು ಗೆರೆಗಳು.

ಮೊದಲು ಮುಂದಿನಿಂದ ಒಂದು ಇಡೀ ಫೋಟೋ ತೆಗೆದು ಆಸೆ ತೀರಿಸಿಕೊಳ್ಳಿ. ಹ್ಯಾಂಗರ್ ಮಬ್ಬು, ನೌಕೆಯ ಮೇಲ್ಭಾಗ ಬಿಳಿ, ಹೊಟ್ಟೆ ಕಪ್ಪು. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಬಿಳಿ ಭಾಗ ಸುಣ್ಣ ಚೆಲ್ಲಿದ ಹಾಗೆ ಆಗುತ್ತದೆ, ಗುರುತುಗಳೆಲ್ಲ ಮಾಯ. ಮುಕ್ಕಾಲು ಸ್ಟಾಪ್ ಇಳಿಸಿ ಬಿಳಿಯನ್ನು ಉಳಿಸಿ, ಕಪ್ಪನ್ನು ಆಮೇಲೆ ರಾ ಫೈಲಿನಲ್ಲಿ ಎತ್ತಬಹುದು. ಮೂಗಿನ ಹತ್ತಿರ ಯಾರಾದರೂ ಬಂದು ನಿಂತರೆ ಸಿಡುಕಬೇಡಿ, ಕಾಯ್ದು ಅವರನ್ನೂ ಸೇರಿಸಿ. ಮನುಷ್ಯನೊಬ್ಬ ಇಲ್ಲದಿದ್ದರೆ ನೌಕೆ ಎಷ್ಟು ದೊಡ್ಡದು ಅಂತ ಫೋಟೋ ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ಈಗ ಉದ್ದ ಲೆನ್ಸ್ ಹಾಕಿ ನಿಜವಾದ ಕೆಲಸ ಶುರು ಮಾಡಿ. ನೌಕೆಯ ಮೈಮೇಲೆ ಶಾಖ ತಡೆಯುವ ಸುಮಾರು 24,000 ಹೆಂಚುಗಳಿವೆ. ಯಾವ ಹೆಂಚು ಎಲ್ಲಿಗೆ ಅಂತ ಗೊತ್ತಾಗಲು ಅವುಗಳ ಮೇಲೆ ನಂಬರ್ ಇರುತ್ತದೆ. ರೆಕ್ಕೆಯ ಕೆಳಗೆ, ಮುಂದಿನ ಚಕ್ರದ ಬಾಗಿಲ ಸುತ್ತ ನೋಡಿ. ಹಳೆಯ ಹೆಂಚುಗಳು ಹೋಗಿ ಬಂದು, ಹೋಗಿ ಬಂದು ಬೂದು ಬಣ್ಣಕ್ಕೆ ತಿರುಗಿವೆ. ನಡುನಡುವೆ ಒಂದೊಂದು ಮಾತ್ರ ಕಡುಗಪ್ಪು, ಅಂದರೆ ಆಮೇಲೆ ಬದಲಾಯಿಸಿದ್ದು. ಹಳೇ ಮನೆಯ ಮಾಡಿನಲ್ಲಿ ಎರಡೇ ಎರಡು ಹೊಸ ಹೆಂಚು ಹಾಕಿದ ಹಾಗೆ ಕಾಣುತ್ತದೆ. ಈ ತೇಪೆಯ ಫೋಟೋ ನನಗೆ ಇಡೀ ನೌಕೆಯ ಫೋಟೋಗಿಂತ ಪ್ರಿಯ.

ಹೇಗೆ ತೆಗೆಯುವುದು? ನೇರ ಎದುರಿಗೆ ನಿಂತರೆ ಹೆಂಚು ಚಪ್ಪಟೆಯಾಗಿ, ನೆಲದ ಟೈಲ್ಸ್ ಥರ ಬರುತ್ತದೆ. ಬದಿಗೆ ಸರಿದು, ದೀಪದ ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವ ಕೋನ ಹುಡುಕಿ. ಆಗ ಅಂಚು, ಸಣ್ಣ ಗುಳಿ, ಗೀರು ಎಲ್ಲ ಎದ್ದು ಬರುತ್ತವೆ. ಮಂಡಿಯೂರಿ ಕೂತು ಕೆಳಗಿನಿಂದ ಪ್ರಯತ್ನಿಸಿ. 200 ಎಂಎಂನಲ್ಲಿ ಷಟರ್ 1/125 ಇಡಿ, ಲೆನ್ಸಿನ ಸ್ಟೆಬಿಲೈಸೇಶನ್ ಆನ್ ಇರಲಿ, ಒಂದೇ ಸಲಕ್ಕೆ ನಾಲ್ಕೈದು ಹೊಡೆಯಿರಿ. ಅದರಲ್ಲಿ ಒಂದಾದರೂ ಚೂಪಾಗಿ ಬರುತ್ತದೆ.

ಅಂದ ಹಾಗೆ, 2025ರಲ್ಲಿ ಡಿಸ್ಕವರಿಯನ್ನು ಹ್ಯೂಸ್ಟನ್‌ಗೆ ಒಯ್ಯಬೇಕು ಅಂತ ಅಮೆರಿಕದ ರಾಜಕೀಯದಲ್ಲಿ ಜಗ್ಗಾಟ ಶುರುವಾಯಿತು. ಇದೊಂದಕ್ಕೇ ಹೋಗುವವರು ಟಿಕೆಟ್ ತೆಗೆಯುವ ಮೊದಲು ಅದು ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ.

ಅದೇ ಹ್ಯಾಂಗರಿನಲ್ಲಿ ಬಿಡಬಾರದ ಮೂರು

ಡಿಸ್ಕವರಿಯನ್ನು ನೋಡಿ ಜನ ಹೊರಟುಬಿಡುತ್ತಾರೆ, ಪಕ್ಕದಲ್ಲೇ ಇರುವ ಚಿಕ್ಕವು ಹಾಗೇ ಉಳಿಯುತ್ತವೆ. ಒಂದು, ಜೆಮಿನಿ 7ರ ಕೋಶ. 1965ರ ಡಿಸೆಂಬರ್‌ನಲ್ಲಿ ಫ್ರಾಂಕ್ ಬೋರ್ಮನ್ ಮತ್ತು ಜಿಮ್ ಲೊವೆಲ್ ಇದರಲ್ಲಿ ಸುಮಾರು 14 ದಿನ ಕೂತಿದ್ದರು. ಆಟೋರಿಕ್ಷಾದ ಹಿಂದಿನ ಸೀಟಿನಲ್ಲಿ ಇಬ್ಬರು ಎರಡು ವಾರ ಕೂತಿದ್ದರು ಅಂತ ಕಲ್ಪಿಸಿಕೊಳ್ಳಿ. ಒಳಗಿನ ಸೀಟು ಕಾಣುವ ಕಡೆಯಿಂದ ತೆಗೆಯಿರಿ, ಹೊರಗಿನ ಆಕಾರಕ್ಕಿಂತ ಆ ಇಕ್ಕಟ್ಟೇ ಕಥೆ.

ಎರಡು, ಅಪೊಲೊ 11ರ ಮೂವರನ್ನು ಚಂದ್ರನಿಂದ ಬಂದ ಮೇಲೆ ಯಾವುದಾದರೂ ಸೋಂಕು ತಂದಿರಬಹುದು ಅಂತ ಕೂಡಿಹಾಕಿದ್ದ ಬೆಳ್ಳಿ ಬಣ್ಣದ ಟ್ರೇಲರ್. ಮೈಯೆಲ್ಲ ಹೊಳೆಯುವ ಅಲ್ಯೂಮಿನಿಯಂ, ಎದುರು ನಿಂತರೆ ನೀವೇ ಕಾಣುತ್ತೀರಿ. ಓರೆಯಿಂದ ತೆಗೆಯಿರಿ. ಅದರ ಕಿಟಕಿಯ ಮುಂದೆಯೇ 1969ರ ಜುಲೈ 24ರಂದು ಅಧ್ಯಕ್ಷ ನಿಕ್ಸನ್ ನಿಂತು ಮಾತಾಡಿದ್ದು, ಮೂವರೂ ಒಳಗಿನಿಂದ ಮುಖ ತೋರಿಸಿದ್ದು. ಆ ಕಿಟಕಿಯ ಎತ್ತರಕ್ಕೆ ಬಗ್ಗಿ ಒಂದು ಫೋಟೋ ತೆಗೆದು, ಆಮೇಲೆ ಹಳೇ ಫೋಟೋ ಪಕ್ಕ ಇಟ್ಟು ನೋಡಿ.

ಮೂರನೆಯದು ಮೇಲೆ ಹೋದದ್ದಲ್ಲ, ಒಂದು ಹಳೇ ಸಿನಿಮಾಕ್ಕೆ ಮಾಡಿದ ಅನ್ಯಗ್ರಹ ನೌಕೆಯ ಮಾದರಿ. ಅದನ್ನು ಕಟ್ಟಿದವರು ತಮಾಷೆಗೆ ಅದರ ಮೇಲೆ ಪುಟಾಣಿ ಅಂಚೆಪೆಟ್ಟಿಗೆ, ಪುಟಾಣಿ ಸ್ಮಶಾನ ಎಲ್ಲ ಅಂಟಿಸಿಟ್ಟಿದ್ದಾರೆ. ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು ಹುಡುಕಲು ಬಿಡಿ, ನಿಮಗೆ ಕಾಲು ಗಂಟೆ ಬಿಡುವು ಸಿಗುತ್ತದೆ.

ಸಂಜೆ ಹೊರಡುವ ಮೊದಲು ವೀಕ್ಷಣಾ ಗೋಪುರಕ್ಕೆ ಹತ್ತಿ. ಡಲ್ಲಸ್‌ಗೆ ಇಳಿಯುವ ವಿಮಾನಗಳು ಕಾಣುತ್ತವೆ. ಗಾಜಿನ ಮೂಲಕ ತೆಗೆಯಬೇಕು, ಹಾಗಾಗಿ ಮುಂದಿನ ಭಾಗ ಓದಿ.

ನಗರದ ಕಟ್ಟಡ: ಗಾಜಿನ ಜೊತೆ ಜಗಳ

ಇಲ್ಲಿ ಕಷ್ಟ ಬೇರೆ ಥರ. ಮಾಲ್ ಕಡೆಯ ದೊಡ್ಡ ಗಾಜಿನ ಗೋಡೆ ಉತ್ತರಕ್ಕಿದೆ, ಮೆತ್ತಗಿನ ಬೆಳಕು ಬರುತ್ತದೆ. ಅದು ಒಳ್ಳೆಯದೇ. ಆದರೆ ಹೊರಗಿನ ನೀಲಿ ಬೆಳಕು, ಒಳಗಿನ ದೀಪದ ಹಳದಿ ಎರಡೂ ಒಂದೇ ವಸ್ತುವಿನ ಮೇಲೆ ಬಿದ್ದು ಅರ್ಧ ನೀಲಿ, ಅರ್ಧ ಕಿತ್ತಳೆ ಆಗಿರುತ್ತದೆ. ಜೇಬಿನಲ್ಲಿ ಒಂದು ಬಿಳಿ ಹಾಳೆ ಇಟ್ಟುಕೊಳ್ಳಿ. ಗ್ಯಾಲರಿ ಬದಲಾದ ಹಾಗೆ ಅದನ್ನು ಹಿಡಿದು ಒಂದು ಫೋಟೋ ತೆಗೆಯಿರಿ. ಮನೆಯಲ್ಲಿ ಬಣ್ಣ ಸರಿಮಾಡಲು ಅದೇ ಅಳತೆಗೋಲು. ಎರಡು ಬೆಳಕಿನ ಜಗಳ ಬಿಡಿಸಲು ಆಗದೇ ಹೋದರೆ ಕಪ್ಪು ಬಿಳುಪು ಮಾಡಿಬಿಡಿ, ನಾನು ಹಾಗೇ ಮಾಡುತ್ತೇನೆ.

ಈಗ ಕೊಲಂಬಿಯಾ. ಚಂದ್ರಯಾನದ ಗ್ಯಾಲರಿಯಲ್ಲಿ ಪಾರದರ್ಶಕ ಕವಚದ ಹಿಂದೆ ಇದೆ. 1969ರಲ್ಲಿ ಗಂಟೆಗೆ ಸುಮಾರು 40,000 ಕಿಲೋಮೀಟರ್ ವೇಗದಲ್ಲಿ ವಾತಾವರಣಕ್ಕೆ ನುಗ್ಗಿ ಬಂದಾಗ ಸುಟ್ಟ ಮೈ ಹಾಗೇ ಇದೆ. ಅಲ್ಲಲ್ಲಿ ಸುಲಿದಿದೆ, ಅಲ್ಲಲ್ಲಿ ಬೆಂದ ರೊಟ್ಟಿಯ ಹಾಗೆ ಕಪ್ಪು ಕಂದು ಬೊಕ್ಕೆ. ಅದನ್ನು ಹಿಡಿಯಲು ಬಂದಿದ್ದೀರಿ, ಕವಚ ಬಿಡುತ್ತಿಲ್ಲ. ಏನು ಮಾಡುವುದು?

ಮೊದಲು ಕ್ಯಾಮೆರಾ ಎತ್ತದೆ ಸುತ್ತ ಒಂದು ಸುತ್ತು ಬನ್ನಿ. ಗಾಜಿನಲ್ಲಿ ಏನು ಕಾಣುತ್ತಿದೆ, ಅದು ಎಲ್ಲಿಂದ ಬರುತ್ತಿದೆ ಅಂತ ಹಿಂದೆ ತಿರುಗಿ ನೋಡಿ. ಹೊಳೆಯುವ ಫಲಕವೋ, ಪರದೆಯೋ, ದೀಪವೋ ಇರುತ್ತದೆ. ಎರಡು ಹೆಜ್ಜೆ ಸರಿದರೆ ಆ ಹೊಳಪು ಇನ್ನೊಂದು ಕಡೆಗೆ ಜಾರುತ್ತದೆ. ಎಷ್ಟೋ ಸಲ ಇಷ್ಟೇ ಸಾಕು. ಕೆಲವೊಮ್ಮೆ ಜೊತೆಗಿರುವವರನ್ನು, ಅವರೂ ಗಾಢ ಬಣ್ಣದ ಬಟ್ಟೆ ಹಾಕಿದ್ದರೆ, ನಿಮ್ಮ ಹಿಂದೆ ನಿಲ್ಲಿಸಿಕೊಳ್ಳಿ. ಅವರ ನೆರಳೇ ಕಪ್ಪು ಪರದೆ. ನನ್ನ ಹೆಂಡತಿ ಹೀಗೆ ನಿಂತು ನಿಂತು ಬೇಜಾರಾಗಿ, "ನಾನು ಮ್ಯೂಸಿಯಂ ನೋಡಕ್ಕೆ ಬಂದಿದ್ದೀನಾ, ಪರದೆ ಆಗಕ್ಕೆ ಬಂದಿದ್ದೀನಾ" ಅಂತ ಕೇಳಿದ್ದಾಳೆ.

ಲೆನ್ಸಿನ ಬಾಯನ್ನು ಗಾಜಿಗೆ ಎಷ್ಟು ಹತ್ತಿರ ತಂದರೆ ಅಷ್ಟು ಪ್ರತಿಬಿಂಬ ಕಮ್ಮಿ. ಆದರೆ ಗಾಜಿಗೆ ಒತ್ತಬೇಡಿ, ಒರಗಬೇಡಿ, ಕಾವಲಿನವರು ಬರುತ್ತಾರೆ. ಮೆತ್ತನೆಯ ರಬ್ಬರ್ ಹುಡ್ ಇದ್ದರೆ ಒಂದು ಬೆರಳಿನಷ್ಟು ಅಂತರದಲ್ಲಿ ಹಿಡಿಯಿರಿ. ಆಟೋಫೋಕಸ್ ಗಾಜಿನ ಮೇಲಿನ ಬೆರಳಚ್ಚಿಗೆ ಅಂಟಿಕೊಂಡರೆ ಮ್ಯಾನುಯಲ್‌ಗೆ ಹೋಗಿ.

ಹೊಳಪು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಕೆಲಸ ಮಾಡುತ್ತದೆಯೇ? ಮಾಡುತ್ತದೆ, ಆದರೆ ಎಲ್ಲ ಕಡೆ ಅಲ್ಲ. ಗಾಜಿಗೆ ನೇರ ಎದುರು ನಿಂತರೆ ಅದರಿಂದ ಏನೂ ಉಪಯೋಗವಿಲ್ಲ. ನೇರ ನೋಟದಿಂದ ಸುಮಾರು 55 ಡಿಗ್ರಿ ಓರೆಯಲ್ಲಿ ನಿಂತಾಗ ಹೊಳಪನ್ನು ಚೆನ್ನಾಗಿ ನುಂಗುತ್ತದೆ. ಜೊತೆಗೆ ಒಂದೂವರೆ ಎರಡು ಸ್ಟಾಪ್ ಬೆಳಕನ್ನೂ ನುಂಗುತ್ತದೆ, ಐಎಸ್ಒ 1600 ಇದ್ದದ್ದು 6400ರ ಹತ್ತಿರ ಹೋಗುತ್ತದೆ. ಕವಚ ಗಾಜಿನದ್ದಲ್ಲದೆ ಅಕ್ರಿಲಿಕ್ ಆಗಿದ್ದರೆ ಕಾಮನಬಿಲ್ಲಿನ ಬಣ್ಣದ ಗೆರೆಗಳೂ ಕಾಣಬಹುದು. ನಾನು ಈಗ ಅದನ್ನು ಒಯ್ಯುವುದೇ ಬಿಟ್ಟಿದ್ದೇನೆ, ಕಪ್ಪು ಶರ್ಟ್ ಅದಕ್ಕಿಂತ ಅಗ್ಗ.

ಕೊಲಂಬಿಯಾದ ಒಳಗೋಡೆ ಹೊರಗಿನಿಂದ ಕಾಣುವುದಿಲ್ಲ. ಒಳಗೆ ಗಗನಯಾತ್ರಿಗಳು ಕೈಯಲ್ಲಿ ಬರೆದ ಅಂಕಿಗಳು, ದಿನ ಹೊಡೆದುಹಾಕಿದ ಪುಟ್ಟ ಕ್ಯಾಲೆಂಡರ್ ಇವೆ. 2016ರಲ್ಲಿ ಸ್ಮಿತ್ಸೋನಿಯನ್ ಇಡೀ ಕೋಶವನ್ನು ಸ್ಕ್ಯಾನ್ ಮಾಡಿ ಮೂರು ಆಯಾಮದ ಮಾದರಿಯನ್ನು ಎಲ್ಲರಿಗೂ ನೋಡಲು ಇಟ್ಟಿದೆ. ಹೋಗುವ ಮೊದಲ ರಾತ್ರಿ ಅದನ್ನು ತಿರುಗಿಸಿ ನೋಡಿ. ಹೊರಗಿನ ಯಾವ ಭಾಗ ಎಷ್ಟು ಸುಟ್ಟಿದೆ ಅಂತಲೂ ಗೊತ್ತಾಗುತ್ತದೆ, ಅಲ್ಲಿ ಹೋಗಿ ತಡಕಾಡಬೇಕಿಲ್ಲ.

ಆರ್ಮ್‌ಸ್ಟ್ರಾಂಗ್ ಉಡುಪಿನ ಮುಂದೆ ಬೆಳಕು ತೀರಾ ಕಮ್ಮಿ. ಅದಕ್ಕೆ ಕಾರಣ ಇದೆ. ಒಳಗಿನ ರಬ್ಬರ್, ಬಟ್ಟೆ ಎಲ್ಲ ಬೆಳಕಿಗೆ, ಶಾಖಕ್ಕೆ ಹಾಳಾಗುತ್ತವೆ. 2006ರಲ್ಲಿ ಅದನ್ನು ಒಳಗಿಟ್ಟವರು ಮತ್ತೆ ಪ್ರದರ್ಶನಕ್ಕೆ ತಂದದ್ದು 2019ರ ಜುಲೈ 16ರಂದು, ಅಪೊಲೊ 11 ಹಾರಿ 50 ವರ್ಷ ತುಂಬಿದ ದಿನ. ಎಫ್ 1.8 ಲೆನ್ಸ್ ಇಲ್ಲಿಗೇ ತಂದದ್ದು. ಇಡೀ ಉಡುಪು ಒಂದು ಸಲ, ಆಮೇಲೆ ಬರೀ ಮಂಡಿ, ಬರೀ ಕೈಗವಸು. ಮಂಡಿಯ ಹತ್ತಿರ ಬಟ್ಟೆ ಬೂದಾಗಿದೆಯಲ್ಲ, ಆ ಮಾಸಲು ತೊಳೆದರೂ ಹೋಗದ ಚಂದ್ರನ ಧೂಳಿನದ್ದು. ಫೋನಿನ ನೈಟ್ ಮೋಡ್ ಇಲ್ಲಿ ಚೆನ್ನಾಗಿ ಬರುತ್ತದೆ, ಮೂರು ಸೆಕೆಂಡು ಮೊಣಕೈಯನ್ನು ಪಕ್ಕೆಗೆ ಒತ್ತಿ ಕಲ್ಲಿನ ಹಾಗೆ ನಿಲ್ಲಬೇಕು ಅಷ್ಟೇ.

ಫಲಕ ಓದಿ, ಫಲಕದ ಫೋಟೋ ತೆಗೆಯಿರಿ

ಪ್ರತಿ ವಸ್ತುವಿನ ಫೋಟೋ ಮುಗಿದ ಮೇಲೆ ಅದರ ಫಲಕದ ಒಂದು ಫೋಟೋ. ಮರೆಯಬೇಡಿ. ಬಾಹ್ಯಾಕಾಶ ಮ್ಯೂಸಿಯಂಗಳಲ್ಲಿ ಮೇಲೆ ಹೋಗಿ ಬಂದದ್ದು, ಪರೀಕ್ಷೆಗೆ ಮಾಡಿದ್ದು, ಬರೀ ಮಾದರಿ, ಮೂರೂ ಪಕ್ಕಪಕ್ಕದಲ್ಲೇ ಇರುತ್ತವೆ. ನೋಡಿದರೆ ವ್ಯತ್ಯಾಸ ಗೊತ್ತಾಗದು. ಚಂದ್ರನ ಮೇಲೆ ಇಳಿದ ಯಾವ ಲೂನಾರ್ ಮಾಡ್ಯೂಲೂ (ಗಗನಯಾತ್ರಿಗಳನ್ನು ಚಂದ್ರನ ಮೇಲೆ ಇಳಿಸುವ ನೌಕೆ) ಭೂಮಿಗೆ ವಾಪಸ್ ಬಂದಿಲ್ಲ, ಹಾಗಾಗಿ ಯಾವ ಮ್ಯೂಸಿಯಂನಲ್ಲಿ ನೋಡಿದರೂ ಅದು ಇಳಿಯದೇ ಉಳಿದದ್ದು. ಈ ಮ್ಯೂಸಿಯಂನಲ್ಲಿರುವ ಎಲ್‌ಎಂ-2 ಎನ್ನುವ ಲೂನಾರ್ ಮಾಡ್ಯೂಲ್ ಕೂಡ ನೆಲದ ಪರೀಕ್ಷೆಗೆ ಬಳಸಿದ್ದು. ಗೊತ್ತಿಲ್ಲದೆ "ಚಂದ್ರನಿಂದ ಬಂದ ನೌಕೆ" ಅಂತ ಬರೆದು ಹಾಕಿದರೆ ಯಾರಾದರೂ ಬಂದು ತಿದ್ದುತ್ತಾರೆ. ನನಗೆ ತಿದ್ದಿದ್ದಾರೆ.

ಮನೆಗೆ ಬಂದ ಮೇಲೆ

ಅವತ್ತು ರಾತ್ರಿಯೇ ಫೋಟೋಗಳನ್ನು ಎರಡು ಕಡೆ ಕಾಪಿ ಮಾಡಿ, ಮಸುಕಾದದ್ದನ್ನು ಅಳಿಸಿ. ಗೋಡೆಗಳು ವಾಲಿದ್ದರೆ ನೇರ ಮಾಡಿ, ವೈಡ್ ಲೆನ್ಸಿನ ಕಾಟ ಅದು. ಫೋಟೋದ ಕಾಳು (ನಾಯ್ಸ್) ತೆಗೆಯುವ ಟೂಲನ್ನು ಕೈ ಹಿಡಿದು ಬಳಸಿ, ಜಾಸ್ತಿ ಆದರೆ ಹೆಂಚು ಪ್ಲಾಸ್ಟಿಕ್ ಆಗುತ್ತದೆ. ಈಗಿನ ಫೋನುಗಳು ಫೋಟೋವನ್ನು ತಾವಾಗಿಯೇ "ಚೆಂದ" ಮಾಡುತ್ತವೆ. ದೊಡ್ಡದು ಮಾಡಿ ನೋಡಿ, ಹೆಂಚಿನ ನಂಬರ್ ಅರ್ಥವಿಲ್ಲದ ಗೀಚು ಆಗಿದ್ದರೆ ಎನ್‌ಹಾನ್ಸ್ ಆಫ್ ಮಾಡಿದ ಮೂಲ ಫೈಲ್ ಹುಡುಕಿ.

ಇನ್ನು ಕಲೆ ಅಳಿಸುವ ಟೂಲ್. ಮುಖದ ಮೊಡವೆ ತೆಗೆದು ಅಭ್ಯಾಸವಾದ ಕೈ ಅದರ ಕಡೆಗೇ ಹೋಗುತ್ತದೆ. ನನ್ನ ತಮ್ಮ ನನಗೆ ಸಹಾಯ ಮಾಡುತ್ತೇನೆ ಅಂತ ಕೂತು ಡಿಸ್ಕವರಿಯ ಮೂಗಿನ ಹತ್ತಿರದ ಸುಟ್ಟ ಗೆರೆಗಳನ್ನೆಲ್ಲ ಒರೆಸಿ, ಅಪ್ಪಟ ಬಿಳಿ ಮಾಡಿ, "ನೋಡಣ್ಣ, ಹೊಸದರ ಹಾಗೆ ಆಯ್ತು" ಅಂದ. ಪುಣ್ಯಕ್ಕೆ ಇನ್ನೊಂದು ಕಾಪಿ ಇತ್ತು.